ವರ್ಕ್ ಫಂಕ್ಷನ್‌ನಲ್ಲಿ ಫಂಕ್ಷನ್ ಎಲ್ಲಿದೆ? ಫೋಟೋಎಲೆಕ್ಟ್ರಿಕ್ ಪದಗಳ ರಷ್ಯನ್ ಕಥೆ

ಇವತ್ತು ಒಂದು ಸಣ್ಣ ಪದದಿಂದ ಶುರು ಮಾಡೋಣ: ವರ್ಕ್ ಫಂಕ್ಷನ್. ಪಿಯುಸಿ ಫಿಸಿಕ್ಸ್‌ನಲ್ಲಿ ನೀವೆಲ್ಲ ಓದಿರ್ತೀರಿ. ಲೋಹದಿಂದ ಒಂದು ಎಲೆಕ್ಟ್ರಾನ್ ಹೊರಗೆ ಬರೋಕೆ ಬೇಕಾದ ಕನಿಷ್ಠ ಶಕ್ತಿ ಅದು. ಸತುವಿಗೆ ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್. ಸರಿ, ಆದರೆ ಇದರಲ್ಲಿ ಫಂಕ್ಷನ್ ಎಲ್ಲಿದೆ? ದಿನವಿಡೀ ಫಂಕ್ಷನ್ ಬರೆಯೋ ನಮ್ಮಂಥವರಿಗೆ ಇನ್‌ಪುಟ್ ಏನು, ಔಟ್‌ಪುಟ್ ಏನು ಅಂತ ಕೇಳಬೇಕು ಅನ್ಸುತ್ತೆ. ಇಲ್ಲಿ ಎರಡೂ ಇಲ್ಲ, ಇರೋದು ಒಂದು ಸಂಖ್ಯೆ ಅಷ್ಟೇ.

ಈಗ ಈ ಪದವನ್ನ ಇಂಗ್ಲಿಷಿನಿಂದ ರಷ್ಯನ್‌ಗೆ ಅನುವಾದ ಮಾಡಬೇಕು ಅಂದುಕೊಳ್ಳಿ. ಡಿಕ್ಷನರಿ ಹಿಡಿದು 'ಕೆಲಸ', 'ಫಂಕ್ಷನ್' ಅಂತ ಎರಡು ಪದ ಜೋಡಿಸಿದರೆ ಮಾಸ್ಕೋದ ವಿದ್ಯಾರ್ಥಿಗೆ ಏನೂ ಅರ್ಥ ಆಗಲ್ಲ. ಅಲ್ಲಿ ಬಳಸೋ ಪದ 'ರಬೋತಾ ವೀಖೊದಾ'. ನೇರ ಅರ್ಥ, ಹೊರಬರುವ ಕೆಲಸ. ಜರ್ಮನ್ ಪದದ ಜೋಡಣೆಯೂ ಇದೇ. ಪದ ಕೇಳಿದ ತಕ್ಷಣ ಎಲೆಕ್ಟ್ರಾನ್ ಬಾಗಿಲು ದಾಟೋದು ಕಣ್ಣಿಗೆ ಕಾಣುತ್ತೆ.

ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಈ ವಿಷಯ ಬೆಳೆದಿದ್ದೇ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ. 1887ರಲ್ಲಿ ಹರ್ಟ್ಸ್, 1888ರಲ್ಲಿ ಹಾಲ್‌ವಾಕ್ಸ್, 1902ರಲ್ಲಿ ಲೆನಾರ್ಡ್, 1905ರಲ್ಲಿ ಐನ್‌ಸ್ಟೈನ್, ಎಲ್ಲರೂ ಬರೆದಿದ್ದು ಜರ್ಮನ್‌ನಲ್ಲಿ. ಆದರೆ ರಷ್ಯಾ ಬರೀ ಓದುಗನಾಗಿ ಕೂತಿರಲಿಲ್ಲ. 1888ರಲ್ಲೇ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಸ್ತೊಲೆತೊವ್ ಪ್ರಯೋಗ ಶುರು ಮಾಡಿದ್ದರು. ಒಂದು ಲೋಹದ ತಟ್ಟೆ, ಅದರ ಎದುರು ಲೋಹದ ಜಾಲರಿ, ಬ್ಯಾಟರಿ, ಗ್ಯಾಲ್ವನೋಮೀಟರ್. ಆರ್ಕ್ ದೀಪದ ಬೆಳಕು ಜಾಲರಿಯ ಮೂಲಕ ಹಾದು ತಟ್ಟೆಯ ಮೇಲೆ ಬಿದ್ದಾಗ ಸರ್ಕ್ಯೂಟಿನಲ್ಲಿ ಕರೆಂಟ್ ಹರೀತು. ಬೆಳಕು ಎಷ್ಟು ಹೆಚ್ಚೋ ಕರೆಂಟೂ ಅದೇ ಅನುಪಾತದಲ್ಲಿ ಹೆಚ್ಚು. ಇದನ್ನ ರಷ್ಯನ್ ಪಠ್ಯಗಳು 'ಸ್ತೊಲೆತೊವ್ ನಿಯಮ' ಅಂತಲೇ ಕರೀತಾವೆ. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಅವರು 1896ರಲ್ಲಿ ತೀರಿಕೊಂಡರು. ಥಾಮ್ಸನ್ ಎಲೆಕ್ಟ್ರಾನ್ ಪತ್ತೆ ಮಾಡಿದ್ದು 1897ರಲ್ಲಿ. ಅಂದ್ರೆ ತಾನು ಅಳೆದಿದ್ದು ಯಾವ ಕಣದ ಹರಿವು ಅಂತ ಅವರಿಗೆ ತಿಳಿಯಲೇ ಇಲ್ಲ.

ಇನ್ನೊಂದು ಪದ ನೋಡಿ: ಥ್ರೆಶೋಲ್ಡ್. ಇದಕ್ಕಿಂತ ಕಡಿಮೆ ಫ್ರೀಕ್ವೆನ್ಸಿಯ ಬೆಳಕು ಎಷ್ಟೇ ಸುರಿದರೂ ಎಲೆಕ್ಟ್ರಾನ್ ಅಲ್ಲಾಡಲ್ಲ. ರಷ್ಯನ್‌ನಲ್ಲಿ ಇದು 'ಕ್ರಾಸ್ನಾಯಾ ಗ್ರನೀತ್ಸಾ', ಅಂದ್ರೆ ಕೆಂಪು ಗಡಿ. ಕೇಳೋಕೆ ಚಂದ, ಆದರೆ ಇಲ್ಲೊಂದು ಗುಂಡಿ ಇದೆ. ಸತುವಿನ ಈ 'ಕೆಂಪು' ಗಡಿ ಸುಮಾರು 290 ನ್ಯಾನೋಮೀಟರ್. ಅದು ಕೆಂಪಲ್ಲ, ಕಣ್ಣಿಗೇ ಕಾಣದ ಅಲ್ಟ್ರಾವೈಲೆಟ್! ಇಲ್ಲಿ ಕೆಂಪು ಅಂದ್ರೆ ಬಣ್ಣ ಅಲ್ಲ, ವರ್ಣಪಟಲದಲ್ಲಿ ಕೆಂಪಿರುವ ಕಡೆಯ, ಅಂದ್ರೆ ಉದ್ದ ತರಂಗದ ಕಡೆಯ ಗಡಿ. ಹಾಗಾಗಿ ರಷ್ಯನ್ ಪದಗಳೆಲ್ಲ ಸಲೀಸು, ಇಂಗ್ಲಿಷ್ ಪದಗಳೆಲ್ಲ ಕಗ್ಗಂಟು ಅಂತ ತೀರ್ಪು ಕೊಡೋಕಾಗಲ್ಲ. ಇಂಗ್ಲಿಷಿನ 'ಹೊಸ್ತಿಲು' ಇಲ್ಲಿ ಹೆಚ್ಚು ಸರಿ.

ಮೂರನೆಯದು ಸ್ಟಾಪಿಂಗ್ ಪೊಟೆನ್ಶಿಯಲ್. ಸತುವಿನ ಮೇಲೆ 200 ನ್ಯಾನೋಮೀಟರ್ ಬೆಳಕು ಬಿದ್ದರೆ ಫೋಟಾನ್ ತರೋದು 6.2 ಎಲೆಕ್ಟ್ರಾನ್ ವೋಲ್ಟ್. ಹೊರಬರೋಕೆ 4.3 ಖರ್ಚು, ಕೈಯಲ್ಲಿ ಉಳಿಯೋದು ಹೆಚ್ಚೆಂದರೆ 1.9. ಎದುರಿನಿಂದ ಸುಮಾರು 1.9 ವೋಲ್ಟ್ ಒತ್ತಿದರೆ ಕರೆಂಟ್ ನಿಲ್ಲುತ್ತೆ. ಇಂಗ್ಲಿಷ್ ಇದನ್ನ 'ನಿಲ್ಲಿಸುವ' ಅನ್ನುತ್ತೆ. ರಷ್ಯನ್‌ನಲ್ಲಿ 'ಅಗುಳಿ ಹಾಕುವ ವೋಲ್ಟೇಜ್' ಅನ್ನುವ ಅರ್ಥದ್ದೂ ಇದೆ, 'ತಡೆಹಿಡಿಯುವ ವೋಲ್ಟೇಜ್' ಅನ್ನೋದೂ ಇದೆ. ಒಂದೇ ಅಳತೆಗೆ ಮೂರು ಚಿತ್ರ.

ನಮ್ಮಲ್ಲಿ ಎಂಟ್ರೆನ್ಸ್‌ಗೆ ಇರೊಡೊವ್ ಲೆಕ್ಕ ಬಿಡಿಸಿದವರು ಬಹಳ ಜನ ಇದ್ದೀರಿ. ಮಾಸ್ಕೋದ ಮೀರ್ ಪ್ರಕಾಶನದ ಆ ಪುಸ್ತಕ ರಷ್ಯನ್‌ನಿಂದ ಇಂಗ್ಲಿಷಿಗೆ ಬಂದದ್ದು. ಅದರ ಅನುವಾದಕರು ನಡೆದದ್ದು ಇದೇ ದಾರಿ, ದಿಕ್ಕು ಮಾತ್ರ ಉಲ್ಟಾ. ಅವರೆಲ್ಲಾದರೂ 'ಹೊರಬರುವ ಕೆಲಸ' ಅಂತ ಪದಕ್ಕೆ ಪದ ಇಟ್ಟಿದ್ದರೆ ನಾವು ತಲೆ ಕೆರೆದುಕೊಳ್ತಿದ್ವಿ.

ಹಾಗಾದರೆ ಅನುವಾದಕ ಏನು ಮಾಡಬೇಕು? 'ಈ ಪದಕ್ಕೆ ಆ ಭಾಷೆಯಲ್ಲಿ ಏನಂತಾರೆ' ಅಂತ ಕೇಳೋ ಮೊದಲು 'ಇಲ್ಲಿ ಅಳೆಯುತ್ತಿರುವುದು ಏನು' ಅಂತ ಕೇಳಬೇಕು. ಅಳತೆ ಗೊತ್ತಾದರೆ ಪದ ತಾನಾಗಿ ಸಿಗುತ್ತೆ. ಇದು ನಮಗೂ ಸಂಬಂಧಪಟ್ಟ ಮಾತು. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಮಗಳಿಗೆ ಕನ್ನಡದಲ್ಲಿ ಫಿಸಿಕ್ಸ್ ಹೇಳಿಕೊಡುವಾಗ ನಾವು ಮೊದಲು ಹಿಡಿಯೋದು ಇಂಗ್ಲಿಷ್ ಪದವನ್ನೇ, ಅದರ ಕಗ್ಗಂಟಿನ ಸಮೇತ. ಕನ್ನಡದಲ್ಲಿ 'ದ್ಯುತಿವಿದ್ಯುತ್ ಪರಿಣಾಮ' ಅನ್ನೋ ಪದ ಆಗಲೇ ಇದೆ, ಬೆಳಕೂ ವಿದ್ಯುತ್ತೂ ಎರಡೂ ಅದರಲ್ಲಿ ಕಾಣುತ್ತೆ. ಅದೇ ಥರ ಮುಂದಿನ ಸಲ ವರ್ಕ್ ಫಂಕ್ಷನ್ ಬಂದಾಗ 'ಎಲೆಕ್ಟ್ರಾನ್ ಹೊರಗೆ ಬರೋಕೆ ಕೊಡೋ ಬೆಲೆ' ಅಂತ ಹೇಳಿ ನೋಡಿ. ಪರೀಕ್ಷೆಗೆ ಬೇಕಾದ ಪದ ಆಮೇಲೆ ಬರಲಿ, ವಿಷಯ ಮೊದಲು ಒಳಗೆ ಇಳಿಯಲಿ.

ಮುಂದಿನ ಮಾತಿನಲ್ಲಿ ಸಿಗೋಣ.