ಮರಳುಗಡಿಯಾರವೋ, ಲಾಂದ್ರವೋ? : ಟ್ಯಾರೋ ಎಲೆಯೊಂದರ ಪಾಠಾಂತರ

ಕಳೆದ ವರ್ಷ ಎಂ.ಎ. ಅಂತಿಮ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ ಅದರ ಅರ್ಥವೇನೆಂದು ಕೇಳಿದಳು. ಹಿಮದ ಶಿಖರ, ಅದರ ಮೇಲೆ ಬೂದುಬಣ್ಣದ ನಿಲುವಂಗಿ ತೊಟ್ಟ ವೃದ್ಧ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಲಾಂದ್ರ, ಲಾಂದ್ರದೊಳಗೆ ಆರು ಮೂಲೆಯ ನಕ್ಷತ್ರ. ಟ್ಯಾರೋ ಎಲೆಗಳಲ್ಲಿ ಒಂಬತ್ತನೆಯ ಅಂಕೆಯನ್ನು ಹೊತ್ತ ‘ಹರ್ಮಿಟ್’, ಅಂದರೆ ಏಕಾಂತವಾಸಿ. ಸಂಶೋಧನೆಗೆ ಸೇರಬೇಕೆ ಬೇಡವೆ ಎಂಬ ಗೊಂದಲದಲ್ಲಿದ್ದ ಆಕೆ ಎಲೆ ನೋಡಿ ಭವಿಷ್ಯ ಹೇಳುವವರೊಬ್ಬರನ್ನು ಕೇಳಿದ್ದಳು. ಆಗ ಬಂದದ್ದು ಈ ಎಲೆ. ಇದು ಈಜಿಪ್ಟಿನ ಪುರಾತನ ಜ್ಞಾನವೆಂದೂ, ಈಗ ಹೊಸದೇನನ್ನೂ ಆರಂಭಿಸದೆ ಒಂದು ವರ್ಷ ಏಕಾಂತದಲ್ಲಿದ್ದು ಒಳಬೆಳಕನ್ನು ಹುಡುಕಬೇಕೆಂದೂ ಅವರು ಹೇಳಿದ್ದರಂತೆ. ಆಕೆ ಹಾಗೆಯೇ ನಡೆಯುವುದರಲ್ಲಿದ್ದಳು.

ನಾನು ಭವಿಷ್ಯವನ್ನು ಬಲ್ಲವನಲ್ಲ. ಆದರೆ ಹಸ್ತಪ್ರತಿಗಳ ಪಾಠವನ್ನು ಹೋಲಿಸಿ ನೋಡುವುದು ನಮ್ಮ ವೃತ್ತಿಯ ಅಭ್ಯಾಸ. ಯಾವುದೇ ಪದಕ್ಕೆ ಅರ್ಥ ಹೇಳುವ ಮೊದಲು ಆ ಪಾಠ ಎಷ್ಟು ಹಳೆಯದು, ಮೂಲದಲ್ಲಿ ಹಾಗೆಯೇ ಇತ್ತೇ ಎಂದು ಕೇಳಿಕೊಳ್ಳುತ್ತೇವೆ. ಚಿತ್ರಕ್ಕೂ ಅದೇ ಪ್ರಶ್ನೆಯನ್ನು ಹಾಕಿದಾಗ ದೊರೆತ ಸಂಗತಿಗಳನ್ನು ಇಲ್ಲಿ ನಿರೂಪಿಸುತ್ತೇನೆ.

ಇಸ್ಪೀಟಿನ ಎಲೆಗಳು ಯುರೋಪಿನಲ್ಲಿ ಬಳಕೆಗೆ ಬಂದದ್ದು 1370ರ ದಶಕದಲ್ಲಿ. ಅವು ಬಂದದ್ದು ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕ್ ಸುಲ್ತಾನರ ಜಗತ್ತಿನಿಂದ ಎಂದು ಇತಿಹಾಸಕಾರರು ತಿಳಿಯುತ್ತಾರೆ. ಈಜಿಪ್ಟಿನ ಸಂಬಂಧ ಇಷ್ಟೇ, ಅದೂ ಪುರಾತನವಾದುದಲ್ಲ. ಚಕ್ರವರ್ತಿ, ಪೋಪ್, ಅದೃಷ್ಟಚಕ್ರ, ಮೃತ್ಯು ಮೊದಲಾದ ವಿಶೇಷ ಚಿತ್ರಗಳು ಸೇರಿದ್ದು ಉತ್ತರ ಇಟಲಿಯಲ್ಲಿ, 15ನೇ ಶತಮಾನದ ಪೂರ್ವಾರ್ಧದಲ್ಲಿ. ಇವುಗಳಿಗೆ ‘ತ್ರಿಯೋನ್ಫಿ’, ಅಂದರೆ ವಿಜಯಗಳು, ಎಂದು ಹೆಸರು. ಆಟದಲ್ಲಿ ಮೇಲಿನ ಚಿತ್ರ ಕೆಳಗಿನದನ್ನು ಹೊಡೆಯುತ್ತಿತ್ತು. ಗಂಭೀರ ಚಿತ್ರಗಳಿದ್ದರೂ ಅದು ಆಟವೇ. ದಶಾವತಾರದ ಎಲೆಗಳಲ್ಲಿ ಗಂಜೀಫಾ ಆಡಿದ ನಾಡಿನವರಾದ ನಮಗೆ ಇದು ವಿಚಿತ್ರವೆನಿಸಬೇಕಿಲ್ಲ.

ಮಿಲಾನಿನ ವಿಸ್ಕೊಂತಿ ಮತ್ತು ಸ್ಫೋರ್ತ್ಸಾ ಮನೆತನಗಳ ಹೆಸರಿನ ಕಟ್ಟು ಇವುಗಳಲ್ಲಿ ಪ್ರಸಿದ್ಧವಾದುದು. 15ನೇ ಶತಮಾನದ ಮಧ್ಯಭಾಗದಲ್ಲಿ ಬೊನಿಫಾಚಿಯೋ ಬೆಂಬೋ ಎಂಬ ಕಲಾವಿದನ ಚಿತ್ರಶಾಲೆಯಲ್ಲಿ ರಚಿತವಾಯಿತೆನ್ನಲಾದ ಇದರ 74 ಎಲೆಗಳು ಉಳಿದಿದ್ದು, ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯ, ಬೆರ್ಗಾಮೊದ ಅಕಾಡೆಮಿಯಾ ಕರಾರಾ ಹಾಗೂ ಒಂದು ಖಾಸಗಿ ಸಂಗ್ರಹದಲ್ಲಿ ಹಂಚಿಹೋಗಿವೆ. ಇದರಲ್ಲಿಯೂ ನಮ್ಮ ವೃದ್ಧನಿದ್ದಾನೆ: ಬಿಳಿಗಡ್ಡ, ಊರುಗೋಲು. ಆದರೆ ಕೈಯಲ್ಲಿ ಲಾಂದ್ರವಿಲ್ಲ, ಮರಳುಗಡಿಯಾರವಿದೆ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ, ಆರನೆಯ ಚಾರ್ಲ್ಸನದೆಂದು ತಪ್ಪಾಗಿ ಕರೆಯಲ್ಪಟ್ಟ ಇಟಲಿಯ ಎಲೆಗಳಲ್ಲಿಯೂ ಅವನು ಹಿಡಿದಿರುವುದು ಮರಳುಗಡಿಯಾರವನ್ನೇ. 1500ರ ಸುಮಾರಿಗೆ ಜೂಜನ್ನು ಖಂಡಿಸಿ ಬರೆದ ಲ್ಯಾಟಿನ್ ಧರ್ಮೋಪದೇಶವೊಂದು ಈ ಚಿತ್ರಗಳನ್ನು ಪಟ್ಟಿಮಾಡುತ್ತ ಇವನನ್ನು ‘ಗೊಬ್ಬೋ’, ಅಂದರೆ ಗೂನುಬೆನ್ನಿನವನು, ಎನ್ನುತ್ತದೆ.

ಹಾಗಾದರೆ ಇವನು ಯಾರು? ಪೆಟ್ರಾರ್ಕನ ‘ತ್ರಿಯೋನ್ಫಿ’ ಕಾವ್ಯದಲ್ಲಿ ಪ್ರೇಮವನ್ನು ಶೀಲ, ಶೀಲವನ್ನು ಮೃತ್ಯು, ಮೃತ್ಯುವನ್ನು ಕೀರ್ತಿ, ಕೀರ್ತಿಯನ್ನು ಕಾಲ, ಕಾಲವನ್ನು ಶಾಶ್ವತತೆ ಗೆಲ್ಲುತ್ತವೆ. 15ನೇ ಶತಮಾನದ ಚಿತ್ರಕಾರರು ಇದರ ಕಾಲಪುರುಷನನ್ನು ಮುದುಕನಾಗಿ, ಊರುಗೋಲು, ರೆಕ್ಕೆ, ಮರಳುಗಡಿಯಾರ ಇವುಗಳೊಡನೆ ಬರೆದರು. ಏರ್ವಿನ್ ಪನೋಫ್ಸ್ಕಿ 1939ರ ತಮ್ಮ ಗ್ರಂಥದಲ್ಲಿ ಈ ಕಾಲಪುರುಷನ ರೂಪ ವಿಕಾಸವಾದ ಬಗೆಯನ್ನು ವಿವರಿಸಿದ್ದಾರೆ. ನಮ್ಮ ಎಲೆಯ ವೃದ್ಧ ಅದೇ ಕುಲದವನು. ಬೊಲೋನ್ಯಾ ನಗರದ ಟ್ಯಾರೋ ಕಟ್ಟಿನಲ್ಲಿ ಅವನಿಗೆ ರೆಕ್ಕೆಗಳೂ ಊರುಗೋಲುಗಳೂ ಉಳಿದುಬಂದಿವೆ. ಮೂಲದಲ್ಲಿ ಅವನು ಏಕಾಂತವಾಸಿಯಲ್ಲ, ಕಾಲ.

ಎಲೆಗಳು ಮರದ ಅಚ್ಚಿನಲ್ಲಿ ಮುದ್ರಣವಾಗಿ ಫ್ರಾನ್ಸಿಗೆ ಹರಡಿದಾಗ ಪಾಠ ಬದಲಾಯಿತು. 17ನೇ ಶತಮಾನದ ಪ್ಯಾರಿಸ್ಸಿನ ಜಾನ್ ನೋಬ್ಲೆಯ ಕಟ್ಟಿನಲ್ಲಿಯೂ, 1760ರಲ್ಲಿ ಮಾರ್ಸೇಯ ನಿಕೊಲಾ ಕೊನ್ವೇರ್ ಅಚ್ಚುಹಾಕಿದ ಕಟ್ಟಿನಲ್ಲಿಯೂ ವೃದ್ಧ ಲಾಂದ್ರವನ್ನು ಹಿಡಿದಿದ್ದಾನೆ. ಕೆಳಗೆ ಸನ್ಯಾಸಿಯೆಂಬ ಹೆಸರಿದೆ. ಚೌಕಟ್ಟಿನೊಳಗಿನ ಗಾಜು, ಎತ್ತಿ ಹಿಡಿದ ಕೈ: ಒರಟು ಅಚ್ಚಿನಲ್ಲಿ ಎರಡೂ ವಸ್ತುಗಳು ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕಾಣುತ್ತವೆ. ಅಚ್ಚು ಕೊರೆಯುವವನು ಮರಳುಗಡಿಯಾರವನ್ನು ಲಾಂದ್ರವೆಂದು ತಿಳಿದಿರಬೇಕೆಂಬುದು ಬಲವಾದ ಊಹೆ. ಅಪರಿಚಿತ ಪದದ ಜಾಗದಲ್ಲಿ ತನಗೆ ಪರಿಚಿತವಾದುದನ್ನು ಬರೆಯುವ ಲಿಪಿಕಾರನನ್ನು ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರೆಲ್ಲ ಬಲ್ಲರು. ಇವನೂ ಅವನ ಬಂಧುವೇ.

ಈಜಿಪ್ಟಿನ ಕಥೆ ಹುಟ್ಟಿದ್ದು ಇದಾದ ಮೇಲೆ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬ್ಲಾನ್ ತನ್ನ ‘ಮೋಂದ್ ಪ್ರಿಮಿತಿಫ್’ ಗ್ರಂಥಮಾಲೆಯ ಎಂಟನೆಯ ಸಂಪುಟದಲ್ಲಿ, ಟ್ಯಾರೋ ಎಂಬುದು ಈಜಿಪ್ಟಿನ ಪುರೋಹಿತರು ಆಟದ ರೂಪದಲ್ಲಿ ಬಚ್ಚಿಟ್ಟ ಜ್ಞಾನಗ್ರಂಥವೆಂದು ಸಾರಿದನು. ಲಾಂದ್ರದ ವೃದ್ಧ ಅವನಿಗೆ ಸತ್ಯವನ್ನರಸುವ ಜ್ಞಾನಿ. ಹಗಲಿನಲ್ಲಿ ದೀಪ ಹಿಡಿದು ಮನುಷ್ಯನನ್ನು ಹುಡುಕಿದ ಗ್ರೀಸಿನ ಡಯೋಜಿನಿಸನ ಕಥೆಯೇ ಈ ಚಿತ್ರದಿಂದ ಹುಟ್ಟಿತೆಂದೂ ಅವನು ವಾದಿಸಿದನು. ಈಜಿಪ್ಟಿನ ಚಿತ್ರಲಿಪಿಯ ರಹಸ್ಯವನ್ನು ಶಾಂಪೋಲಿಯೋ ಬಿಡಿಸಿದ್ದು 1822ರಲ್ಲಿ. ಅಂದರೆ, ಆ ನಾಡಿನ ಒಂದು ಸಾಲನ್ನೂ ಯಾರೂ ಓದಲಾಗದ ಕಾಲದಲ್ಲಿ ಈ ವ್ಯಾಖ್ಯಾನ ಹುಟ್ಟಿತು. ಅದು ನಿಂತಿದ್ದುದು ಲಾಂದ್ರದ ಮೇಲೆ. ಲಾಂದ್ರ ನಿಂತಿದ್ದುದು ಅಚ್ಚಿನವನ ಕೈತಪ್ಪಿನ ಮೇಲೆ. 1909ರಲ್ಲಿ ಲಂಡನ್ನಿನಲ್ಲಿ ಎ.ಇ. ವೇಟ್ ಮತ್ತು ಪಮೇಲಾ ಕೋಲ್ಮನ್ ಸ್ಮಿತ್ ಸೇರಿ ಹೊರತಂದ ಕಟ್ಟು ಇದನ್ನು ಮತ್ತಷ್ಟು ಮುಂದಕ್ಕೆ ಒಯ್ದಿತು. ಚಿತ್ರ ಸ್ಮಿತ್ ಅವರದು. ಹಿಮಶಿಖರವೂ ನಕ್ಷತ್ರವೂ ಈ ಕಟ್ಟಿನಿಂದ ಜನಪ್ರಿಯವಾದವು. ಆ ವಿದ್ಯಾರ್ಥಿನಿ ತೋರಿಸಿದ್ದು ಇದೇ ಚಿತ್ರವನ್ನು.

ಹಾಗೆಂದು ಲಾಂದ್ರಕ್ಕೆ ಅರ್ಥವೇ ಇಲ್ಲವೆನ್ನಲಾಗದು. ಅಪಪಾಠವೂ ನೂರಾರು ವರ್ಷ ಓದುಗರ ಬಾಯಲ್ಲಿ ನಿಂತರೆ ತನ್ನದೇ ಆದ ಒಂದು ಬಾಳನ್ನು ಪಡೆಯುತ್ತದೆ; ಬೆಳಕನ್ನು ಹಿಡಿದು ಒಬ್ಬನೇ ನಡೆಯುವ ವೃದ್ಧನಲ್ಲಿ ಅನೇಕರು ನಿಜವಾದ ಸಾಂತ್ವನವನ್ನು ಕಂಡಿದ್ದಾರೆ. ಆದರೆ ಸಂಪಾದಕನಾದವನು ರೂಢಪಾಠವನ್ನು ಮೂಲಪಾಠವೆಂದು ಹೇಳಕೂಡದು. ಒಂದು ಕಾಲದ ಜನ ಸಂಕೇತವೊಂದಕ್ಕೆ ತುಂಬಿದ ಅರ್ಥವನ್ನು ಆ ಕಾಲದ್ದೆಂದೇ ಹೇಳಬೇಕು. ಪ್ರಾಚೀನತೆಯ ಮುದ್ರೆಯೊತ್ತಿ ಕೊಟ್ಟರೆ ಅದು ವ್ಯಾಖ್ಯಾನವಾಗದೆ ಆಜ್ಞೆಯಾಗುತ್ತದೆ. ಇಲ್ಲಿ ಆದದ್ದೂ ಅದೇ: ಎರಡು ಶತಮಾನಗಳ ಹಿಂದಿನ ಊಹೆಯೊಂದು ಪುರಾತನ ಆದೇಶದ ವೇಷ ತೊಟ್ಟು ಬಂದು ಒಬ್ಬ ಹುಡುಗಿಯ ಒಂದು ವರ್ಷವನ್ನು ಕೇಳಿತು.

ಇಷ್ಟನ್ನು ಆಕೆಗೆ ವಿವರಿಸಿ, ನಿರ್ಧಾರ ನಿನ್ನದೇ ಎಂದೆ. ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಮರಳುಗಡಿಯಾರದ ವೃದ್ಧನ ಮೇಲೆ ಬೆರಳಿಟ್ಟು, “ಸಾರ್, ನನಗೆ ಅನ್ವಯವಾಗುವುದು ಈ ಪಾಠವೇ ಇರಬೇಕು. ಅರ್ಜಿ ಸಲ್ಲಿಸಲು ಇನ್ನು ಹತ್ತೇ ದಿನವಿದೆ” ಎಂದಳು. ಅದೇ ವಾರ ಸಂಶೋಧನೆಯ ವಿಷಯ ಕುರಿತು ಚರ್ಚಿಸಲು ಮತ್ತೆ ಬಂದಳು.