ಕಾಗೆ ತೋರಿಸಿ ಚುಚ್ಚುವ ಸೂಜಿ

"ಅಲ್ನೋಡು ಪುಟ್ಟಾ, ಕಾಗೆ!" ಅಂತ ಹೇಳಿ, ಮಗು ಆ ಕಡೆ ತಿರುಗುವಷ್ಟರಲ್ಲಿ ಸೂಜಿ ಚುಚ್ಚಿ ಮುಗಿಸುವ ಡಾಕ್ಟರನ್ನು ನಾವೆಲ್ಲ ನೋಡಿದ್ದೇವೆ. ಉಪಾಯ ಹಳೆಯದು. ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಮರ್ಯಾದೆ ಸಿಕ್ಕಿದ್ದು ತೀರಾ ಇತ್ತೀಚೆಗೆ. ಆ ಕಥೆ ಅಷ್ಟೇನೂ ಚೆಂದದ್ದಲ್ಲ.

ಕಾಗೆ ತೋರಿಸೋಕೆ ಮೊದಲು ಪಕ್ಕದಲ್ಲಿ ಯಾರಾದರೂ ಇರಬೇಕಲ್ಲ? ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ಆಗ ಅಪ್ಪ ಅಮ್ಮನನ್ನು ದಿನಾ ಒಳಗೆ ಬಿಡುತ್ತಲೇ ಇರಲಿಲ್ಲ. ಅವರನ್ನು ಕಂಡರೆ ಮಗು ಅಳುತ್ತೆ, ರಗಳೆ ಅಂತ! 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬಾತ, ಲಾರಾ ಎಂಬ ಎರಡು ವರ್ಷದ ಹುಡುಗಿ ಆಸ್ಪತ್ರೆಯಲ್ಲಿ ಕಳೆದ ಎಂಟು ದಿನಗಳ ಸಿನಿಮಾ ಮಾಡಿ ತೋರಿಸಿದ. ಅವಳು ಹೆಚ್ಚು ಅಳೋದೂ ಇಲ್ಲ, ಅಳು ನುಂಗಿಕೊಂಡು ಕೂರ್ತಾಳೆ. ನೋಡಿದ ವೈದ್ಯರಲ್ಲಿ ಹಲವರಿಗೆ ಸಿಟ್ಟು ಬಂತು. ಕೊನೆಗೆ 1959ರ ಪ್ಲಾಟ್ ವರದಿ, ಅಪ್ಪ ಅಮ್ಮ ಯಾವಾಗ ಬೇಕಾದರೂ ಬರಲಿ, ಮಕ್ಕಳಿಗೆ ಆಟಕ್ಕೂ ಅವಕಾಶ ಇರಲಿ ಎಂದಿತು.

ನನಗೆ ನಂಬೋಕೆ ಕಷ್ಟವಾದದ್ದು ಮುಂದಿನದು. 1980ರ ದಶಕದಲ್ಲೂ ಹಸುಗೂಸುಗಳಿಗೆ ಸರಿಯಾದ ಅರಿವಳಿಕೆ ಇಲ್ಲದೆ, ಕೈಕಾಲು ಆಡದಂತೆ ಮಾಡುವ ಔಷಧಿ ಕೊಟ್ಟು ಆಪರೇಷನ್ ಮಾಡೋದಿತ್ತು. ಅಷ್ಟು ಚಿಕ್ಕ ಕೂಸಿಗೆ ನೋವು ತಿಳಿಯೋಲ್ಲ ಅನ್ನೋ ನಂಬಿಕೆ ಒಂದು ಕಡೆ, ಅರಿವಳಿಕೆ ತಡೆಯಲಾರದು ಅನ್ನೋ ಹೆದರಿಕೆ ಇನ್ನೊಂದು ಕಡೆ. ಇಂದೋರಿನಲ್ಲಿ ಎಂಬಿಬಿಎಸ್ ಓದಿ ಆಕ್ಸ್‌ಫರ್ಡ್‌ಗೆ ಹೋದ ಕನ್ವಲ್‌ಜೀತ್ ಆನಂದ್ ಮತ್ತವರ ಜೊತೆಗಾರರು ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಆಪರೇಷನ್ನುಗಳನ್ನು ಹೋಲಿಸಿ ನೋಡಿದರು. ಫೆಂಟನಿಲ್ ಎಂಬ ನೋವಿನ ಔಷಧಿಯನ್ನೂ ಕೊಟ್ಟ ಕೂಸುಗಳ ದೇಹ ತಲ್ಲಣಿಸಿದ್ದು ಕಡಿಮೆ, ಆಮೇಲಿನ ತೊಂದರೆಗಳೂ ಕಡಿಮೆ. ಇದು ಅಚ್ಚಾಗಿದ್ದು 1987ರಲ್ಲಿ. ಮನುಷ್ಯ ಚಂದ್ರನ ಮೇಲೆ ಓಡಾಡಿ ಬಂದು ಹದಿನೆಂಟು ವರ್ಷವಾಗಿತ್ತು ಸ್ವಾಮಿ!

ಇನ್ನು ನಮ್ಮ ಕಾಗೆ. ಅಮೆರಿಕದ ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್, ಸುಟ್ಟಗಾಯ ಶುಚಿ ಮಾಡುವಾಗ ರೋಗಿಗಳ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಕಟ್ಟಿದರು. 2000ದಲ್ಲಿ ಪ್ರಕಟಿಸಿದ್ದು 16, 17 ವರ್ಷದ ಇಬ್ಬರು ಹುಡುಗರ ಅನುಭವ. ಮಾಮೂಲಿ ವಿಡಿಯೋ ಗೇಮಿಗಿಂತ ಇದರಲ್ಲಿ ನೋವು ಎಷ್ಟೋ ಕಡಿಮೆ ಅನ್ನಿಸಿತ್ತು. ಆಮೇಲೆ ಸುಟ್ಟಗಾಯದವರಿಗೆಂದೇ 'ಸ್ನೋವರ್ಲ್ಡ್' ಬಂತು. ಹಿಮದ ಕಣಿವೆಯಲ್ಲಿ ತೇಲುತ್ತಾ ಪೆಂಗ್ವಿನ್‌ಗಳಿಗೆ ಹಿಮದುಂಡೆ ಎಸೆಯೋದು. 2004ರಲ್ಲಿ ಆರೋಗ್ಯವಂತರಿಗೆ ಬಿಸಿ ಮುಟ್ಟಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರೆ, ಆಟದಲ್ಲಿ ಮುಳುಗಿದಾಗ ನೋವಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆಯೇ ತಗ್ಗಿತ್ತು. ಅಂದರೆ ಕಾಗೆ ಬರೀ ಮರೆಸೋದಲ್ಲ, ನೋವನ್ನೇ ಕುಗ್ಗಿಸುತ್ತೆ.

"ಏನೂ ನೋಯಲ್ಲ ಕಂದಾ" ಅನ್ನೋ ಸುಳ್ಳು ಮಾತ್ರ ಬೇರೆ ಜಾತಿಯದು, ಅದನ್ನು ಮಗು ಎರಡನೇ ಸಲ ನಂಬೋಲ್ಲ. ಅಂದಹಾಗೆ, ಸಿಯಾಟಲ್‌ನಲ್ಲಿ ಆಟ ಆಡಿಸುತ್ತಾರೆ ಅಂತ ನೋವಿನ ಔಷಧಿ ನಿಲ್ಲಿಸಿರಲಿಲ್ಲ. ಅದನ್ನು ಕೊಟ್ಟೇ ಹಿಮದುಂಡೆ.