ಸರಪಣಿ ಅಂಗಡಿಯೂ ಸಾಲದ ಖಾತೆಯೂ

ಅಮೆರಿಕದ ಲೂಯಿಸಿಯಾನಾ ಸಂಸ್ಥಾನದ ಶ್ರೀವ್‌ಪೋರ್ಟ್ ಪಟ್ಟಣದಲ್ಲಿ ಡಬ್ಲ್ಯು. ಕೆ. ಹೆಂಡರ್ಸನ್ ಎಂಬ ಕಬ್ಬಿಣದ ಕಾರ್ಖಾನೆಯ ಒಡೆಯನಿದ್ದ. ಅವನದೇ ಆದ ರೇಡಿಯೋ ಕೇಂದ್ರವೊಂದಿತ್ತು. 1930ರ ಹೊತ್ತಿಗೆ ಅವನು ಮೈಕಿನ ಮುಂದೆ ಕುಳಿತು, ಬೈಗುಳಕ್ಕೂ ಹಿಂಜರಿಯದೆ, ಸರಪಣಿ ಅಂಗಡಿಗಳ ಮೇಲೆ ಯುದ್ಧ ಸಾರಿದ. ನಿಮ್ಮೂರಿನ ಹಣ ನ್ಯೂಯಾರ್ಕಿಗೆ ಹರಿದುಹೋಗುತ್ತಿದೆ, ಊರ ಅಂಗಡಿಯವನು ನಿಮ್ಮ ನೆರೆಯವನು, ಅವನನ್ನು ಉಳಿಸಿಕೊಳ್ಳಿ ಎಂಬುದು ಅವನ ವಾದದ ತಿರುಳು. ಅದೇ ಉಸಿರಿನಲ್ಲಿ ಕಾಫಿಪುಡಿಯನ್ನೂ ಪೌಂಡಿಗೆ ಒಂದು ಡಾಲರಿನಂತೆ ಮಾರುತ್ತಿದ್ದನೆಂಬುದನ್ನು ಮರೆಯಬಾರದು.

ಅವನ ಸಿಟ್ಟಿಗೆ ಮುಖ್ಯ ಗುರಿ ಎ ಅಂಡ್ ಪಿ ಎಂಬ ಕಂಪೆನಿ. 1859ರಲ್ಲಿ ಹುಟ್ಟಿದ ಈ ಚಹಾ ವ್ಯಾಪಾರ 1912ರಲ್ಲಿ ಹೊಸ ಬಗೆಯ ಮಳಿಗೆಯನ್ನು ತೆರೆಯಿತು: ಸಾಲವಿಲ್ಲ, ಮನೆಗೆ ತಲುಪಿಸುವುದಿಲ್ಲ, ಬೆಲೆ ಮಾತ್ರ ಕಡಿಮೆ. 1930ರ ವೇಳೆಗೆ ಅದಕ್ಕೆ 15 ಸಾವಿರಕ್ಕೂ ಹೆಚ್ಚು ಅಂಗಡಿಗಳಿದ್ದವು.

ಸಾಲವಿಲ್ಲವೆಂಬ ಆ ಮಾತೇ ನನಗೆ ಮುಖ್ಯವೆನಿಸುತ್ತದೆ. ದಕ್ಷಿಣದ ಹತ್ತಿ ಬೆಳೆಯುವ ಕೌಂಟಿಗಳಲ್ಲಿ (ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಂಥದು) ರೈತನ ಕೈಗೆ ಹಣ ಬರುತ್ತಿದ್ದುದು ವರ್ಷಕ್ಕೊಮ್ಮೆ, ಸುಗ್ಗಿಯಲ್ಲಿ. ಉಳಿದ ತಿಂಗಳುಗಳ ಹಿಟ್ಟು, ಉಪ್ಪು, ಬಟ್ಟೆಯೆಲ್ಲ ಊರಂಗಡಿಯ ಖಾತೆಯಿಂದ. ಅಂಗಡಿಯವನು ಕೊಡದಿದ್ದರೆ ಒಲೆ ಉರಿಯುತ್ತಿರಲಿಲ್ಲ, ನಿಜ. ಆದರೆ ನಗದಿಗೊಂದು ಬೆಲೆ, ಸಾಲಕ್ಕೊಂದು ಬೆಲೆ. ಹೊಲದಲ್ಲಿ ನಿಂತ ಪೈರಿನ ಮೇಲೆ ಅಂಗಡಿಯವನ ಹಕ್ಕು. ಸುಗ್ಗಿ ಮುಗಿದರೂ ಬಾಕಿ ಮುಗಿಯದ ಗೇಣಿದಾರರು, ಅದರಲ್ಲೂ ಕರಿಯರು, ಅಸಂಖ್ಯ. ನಮ್ಮ ಹಳ್ಳಿಗಳ ಉದ್ರಿ ಪುಸ್ತಕವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡರ್ಸನ್ ನೆರೆಹೊರೆಯ ಪ್ರೀತಿಯೆಂದು ಕರೆದುದರಲ್ಲಿ ಪ್ರೀತಿಯೆಷ್ಟು, ಋಣವೆಷ್ಟು ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ.

ಶಾಸಕರು ಈ ಗೋಜಿಗೆ ಹೋಗಲಿಲ್ಲ. ಅಂಗಡಿಗಳನ್ನು ಎಣಿಸಿ ತೆರಿಗೆ ಹಾಕಿದರು. 1929ರ ಇಂಡಿಯಾನಾ ಕಾನೂನನ್ನು ಸುಪ್ರೀಂ ಕೋರ್ಟು 1931ರಲ್ಲಿ ಎತ್ತಿಹಿಡಿಯಿತು. 1934ರಲ್ಲಿ ಲೂಯಿಸಿಯಾನಾ ಇನ್ನೂ ಮುಂದೆ ಹೋಗಿ, ದೇಶದಲ್ಲೆಲ್ಲ ಕಂಪೆನಿಗೆ ಎಷ್ಟು ಮಳಿಗೆಗಳಿವೆಯೆಂದು ನೋಡಿ ತೆರಿಗೆಯ ದರವನ್ನು ಗೊತ್ತುಮಾಡಿತು. ಟೆಕ್ಸಾಸಿನ ರೈಟ್ ಪ್ಯಾಟ್‌ಮನ್ ಮುಂದೆನಿಂತು ತಂದ 1936ರ ಕೇಂದ್ರ ಕಾನೂನು, ಸಗಟು ಮಾರಾಟಗಾರರು ದೊಡ್ಡ ಕಂಪೆನಿಗೊಂದು, ಸಣ್ಣ ಅಂಗಡಿಗೊಂದು ಬೆಲೆಯೆಂದು ಭೇದ ಮಾಡುವುದನ್ನು ತಡೆಯಹೊರಟಿತು.

ರೈತರಾದರೂ ಊರಂಗಡಿಯ ಪಕ್ಷ ವಹಿಸಿದರೇ? ದೂರದ ಕ್ಯಾಲಿಫೋರ್ನಿಯಾದಲ್ಲಿ ಆದುದೇ ಬೇರೆ. ಅಲ್ಲಿ ಪೀಚ್ ಹಣ್ಣು ಮಿತಿಮೀರಿ ಬೆಳೆದಾಗ ಅದನ್ನು ದೇಶದುದ್ದಕ್ಕೂ ಮಾರಿಕೊಟ್ಟವು ಸರಪಣಿ ಮಳಿಗೆಗಳೇ. 1936ರ ನವೆಂಬರಿನಲ್ಲಿ ಅಲ್ಲಿಯ ಮತದಾರರು ಅಂಗಡಿ ತೆರಿಗೆಯನ್ನು ತಳ್ಳಿಹಾಕಿದರು. ಪ್ಯಾಟ್‌ಮನ್ನನ ಮುಂದಿನ ತೆರಿಗೆ ಮಸೂದೆಯೂ 1940ರಲ್ಲಿ ಬಿದ್ದುಹೋಯಿತು.

ಅತಿ ದೊಡ್ಡ ಸರಪಣಿ ಆಮೇಲೆ ಬಂದದ್ದು ನ್ಯೂಯಾರ್ಕಿನಿಂದಲ್ಲ. ಅರ್ಕಾನ್ಸಾಸಿನ ನ್ಯೂಪೋರ್ಟಿನಲ್ಲಿ 1945ರಲ್ಲಿ ಚಿಲ್ಲರೆ ಸಾಮಾನಿನ ಅಂಗಡಿಯಿಟ್ಟಿದ್ದ ಸ್ಯಾಮ್ ವಾಲ್ಟನ್, ಕಟ್ಟಡದ ಮಾಲೀಕ ಗುತ್ತಿಗೆ ಮುಂದುವರಿಸಲೊಪ್ಪದ ಕಾರಣ, 1950ರಲ್ಲಿ ಬೆಂಟನ್ ಕೌಂಟಿಯ ಬೆಂಟನ್‌ವಿಲ್ ಎಂಬ ಸಣ್ಣ ಊರಿಗೆ ಹೋದ. 1962ರಲ್ಲಿ ಅದೇ ಕೌಂಟಿಯ ರಾಜರ್ಸ್‌ನಲ್ಲಿ ಮೊದಲ ವಾಲ್‌ಮಾರ್ಟ್ ತೆರೆಯಿತು. ದೊಡ್ಡ ಕಂಪೆನಿಗಳು ಕಣ್ಣೆತ್ತಿ ನೋಡದಿದ್ದ ಹಳ್ಳಿಗಾಡನ್ನೇ ಅವನು ಬೇಕೆಂದು ಆರಿಸಿಕೊಂಡ. ಎ ಅಂಡ್ ಪಿ 2015ರಲ್ಲಿ ದಿವಾಳಿಯೆದ್ದು ಬಾಗಿಲು ಹಾಕಿತು. ಬೆಂಟನ್‌ವಿಲ್ಲಿನ ಚೌಕದಲ್ಲಿದ್ದ ವಾಲ್ಟನ್ನನ ಪುಟ್ಟ ಅಂಗಡಿ ಅದಕ್ಕೆ ಎಷ್ಟೋ ಮೊದಲೇ, 1990ರಲ್ಲಿ, ವಸ್ತುಸಂಗ್ರಹಾಲಯವಾಗಿತ್ತು.